ಗವಿಯ ದಾರಿ ಕೇಳಬೇಡಿ

ನಮ್ಮ ಅರೇಹಳ್ಳಿ ಸೀಮೆಯಲ್ಲಿ ನಾಲ್ಕು ಜನ ಸೇರಿದರೆ ಮಾತು ಮೂರೇ: ಕಾಫಿ ರೇಟು, ಮೆಣಸಿನ ಬಳ್ಳಿಗೆ ಬಂದ ಸೊರಗು ರೋಗ, ರಾತ್ರಿ ಯಾರ ತೋಟಕ್ಕೆ ಆನೆ ಇಳಿಯಿತು ಎನ್ನುವುದು. ಗವಿಯ ಮಾತು ಎತ್ತಿದರೆ ‘ಅಲ್ಲೇನಿದೆ ಮಾರಾಯ, ಬಾವಲಿ ಹಿಕ್ಕೆ’ ಎಂದು ನಗುತ್ತಾರೆ. ಹಾಗೆ ನೋಡಿದರೆ ನಮ್ಮೆಲ್ಲರ ಅನ್ನ ಹುಟ್ಟಿದ್ದೇ ಒಂದು ಗವಿಯ ಬೆಟ್ಟದಲ್ಲಿ. ಯೆಮೆನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಬಾಬಾ ಬುಡನ್ ಬಿತ್ತಿದರು ಎನ್ನುವ ಗಿರಿಯಲ್ಲಿ ಜನ ಇಂದಿಗೂ ತಲೆ ಬಗ್ಗಿಸಿ ಇಳಿಯುವುದು ಗವಿಯೊಳಕ್ಕೇ.

ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು ನಾನು ಗವಿ ಹೊಕ್ಕಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ನಮ್ಮ ಗುಂಪಿನಲ್ಲಿ ಐದು ಜನ: ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬ ಎಸ್ಟೇಟ್ ರೈಟರ್, ಒಬ್ಬ ಜೀಪ್ ಮೆಕ್ಯಾನಿಕ್, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಸೋದರಳಿಯ, ಮತ್ತೆ ನಾನು. ಯಾಣ, ಕವಳಾ, ನೆಲ್ಲಿತೀರ್ಥ, ಅಂತರಗಂಗೆ, ಮುಳ್ಳಯ್ಯನಗಿರಿಯ ಗವಿಗಳನ್ನು ನೋಡಿದ್ದೇವೆ. ಒಮ್ಮೆ ದುಡ್ಡು ಕೂಡಿಹಾಕಿ ಮೇಘಾಲಯಕ್ಕೂ ಹೋಗಿಬಂದೆವು. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ನಾವೇ ಮಾಡಿದ ತಪ್ಪಿನಿಂದ ಕಲಿತದ್ದು. ಊರ ಹತ್ತಿರದ ಗವಿಯ ಹೆಸರನ್ನು ಎಲ್ಲೂ ಹೇಳಿಲ್ಲ; ಯಾಕೆಂದು ಐದನೇ ಪಾಠದಲ್ಲಿದೆ.

1. ಕಲ್ಲಿನ ಜಾತಿ ಯಾವುದೆಂದು ಮೊದಲು ತಿಳಿಯಿರಿ

ಹೊರಗಿನಿಂದ ಎಲ್ಲ ಗವಿಯ ಬಾಯೂ ಒಂದೇ ಥರ ಕಪ್ಪಗೆ ಕಾಣುತ್ತದೆ. ಒಳಗಿನ ಸ್ವಭಾವ ಮಾತ್ರ ಕಲ್ಲಿನಿಂದ ಕಲ್ಲಿಗೆ ಬೇರೆ. ಹಾಸನ, ಗೊರೂರು ಸುತ್ತಲಿನ ನೈಸ್ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಈ ಕಲ್ಲು ನೀರಿಗೆ ಕರಗುವುದಿಲ್ಲ, ಬಿರಿಯುತ್ತದೆ. ಬಿರುಕಿನ ನಡುವಿನ ಮಣ್ಣು ಮಳೆಗೆ ಕೊಚ್ಚಿಹೋಗಿ, ಮೇಲಿನ ಬಂಡೆ ಕೆಳಗಿನದರ ಮೇಲೆ ಒರಗಿ ನಿಂತು, ನಡುವೆ ಉಳಿದ ಸಂದೇ ನಮ್ಮ ಕಡೆಯ ಗವಿ. ಇಲ್ಲಿ ಹೆದರಬೇಕಾದದ್ದು ಬೆಣೆಯಂತೆ ಸಿಕ್ಕಿಕೊಂಡಿರುವ ಚಿಕ್ಕ ಕಲ್ಲಿಗೆ. ಯಾವುದು ಯಾವುದನ್ನು ಹೊತ್ತಿದೆ ಎಂದು ಗೊತ್ತಾಗದ ಜಾಗದಲ್ಲಿ ಕೈಯೂರಬಾರದು.

ದಾಂಡೇಲಿ ಕಾಡಿನೊಳಗಿನ ಕವಳಾ ಗುಹೆಯದು ಬೇರೆ ಕಥೆ. ಅದು ಸುಣ್ಣಕಲ್ಲು, ನೀರು ಅದನ್ನು ಕರಗಿಸುತ್ತದೆ. ಕರಗಿದ್ದು ಹನಿಯಾಗಿ ಬಿದ್ದಲ್ಲಿ ಮತ್ತೆ ಕಲ್ಲಾಗುತ್ತದೆ. ಅಲ್ಲಿ ಜನ ಶಿವರಾತ್ರಿಯಲ್ಲಿ ಪೂಜಿಸುವ ಲಿಂಗ ಹೀಗೆ ಹನಿ ಹನಿಯಾಗಿ ಬೆಳೆದದ್ದು. ಇಂಥ ಕಲ್ಲು ಒಂದು ಮಿಲಿಮೀಟರ್ ಬೆಳೆಯಲು ಹತ್ತು ವರ್ಷ ಬೇಕಾದರೂ ಅಚ್ಚರಿಯಿಲ್ಲ. ನಮ್ಮ ಬೆರಳಿನ ಎಣ್ಣೆಜಿಡ್ಡು ಹತ್ತಿದರೆ ಸುಣ್ಣ ಅಲ್ಲಿ ಹಿಡಿಯುವುದಿಲ್ಲ, ಬೆಳವಣಿಗೆ ನಿಂತುಹೋಗುತ್ತದೆ. ಮೇಘಾಲಯದಲ್ಲಿ ನಮ್ಮ ಜೊತೆ ಬಂದ ಖಾಸಿ ಹುಡುಗ ಇದನ್ನು ಮಾತಿನಲ್ಲಿ ಹೇಳಲಿಲ್ಲ. ಸೂರಿನಿಂದ ತೂಗುತ್ತಿದ್ದ ಬಿಳಿ ಕಲ್ಲುಕಡ್ಡಿಯತ್ತ ನಮ್ಮ ಮೇಷ್ಟ್ರು ಕೈ ಚಾಚಿದರು. ಹುಡುಗ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದ, ಅಷ್ಟೆ. ಅಲ್ಲಿನ ಎಲ್ಲ ಗುಹೆಯೂ ಸುಣ್ಣಕಲ್ಲಿನದಲ್ಲ; ಕ್ರೆಮ್ ಪುರಿ ಎಂಬ ಗುಹೆ ಮರಳುಗಲ್ಲಿನದು. 24 ಕಿಲೋಮೀಟರಿಗೂ ಹೆಚ್ಚು ಉದ್ದ. ಮರಳುಗಲ್ಲಿನ ಗುಹೆಗಳಲ್ಲಿ ಜಗತ್ತಿನಲ್ಲೇ ಉದ್ದದ್ದು. ಕ್ರೆಮ್ ಅಂದರೆ ಖಾಸಿ ಭಾಷೆಯಲ್ಲಿ ಗವಿ.

2. ಒಳಗೆ ಯಾರಿದ್ದಾರೆ ಎಂದು ವಿಚಾರಿಸಿ

ಅರಸೀಕೆರೆ ಕಡೆಯ ಹಿರೇಕಲ್ಲು ಗುಡ್ಡದ ಸಾಲು ನೋಡಿದವರಿಗೆ ಗೊತ್ತು, ಅಲ್ಲಿ ಕಲ್ಲಿಗಿಂತ ಸಂದು ಜಾಸ್ತಿ. ಆ ಸಂದುಗಳೆಲ್ಲ ಕರಡಿಯ ಮನೆ. ಆ ತಾಲ್ಲೂಕಿನಲ್ಲಿ ಈಗ ಕರಡಿಗಳಿಗೆಂದೇ ವನ್ಯಜೀವಿಧಾಮ ಘೋಷಣೆಯಾಗಿದೆ. ನಾವು ಮೊದಲ ಸಲ ಆ ಕಡೆ ಹೋದಾಗ ಇದಾವುದೂ ಇರಲಿಲ್ಲ, ನಮಗೆ ಬುದ್ಧಿಯೂ ಇರಲಿಲ್ಲ. ಜನವರಿಯ ಒಂದು ಬೆಳಿಗ್ಗೆ, ಸೊಂಟದೆತ್ತರದ ಒಂದು ಗವಿಯ ಬಾಯಲ್ಲಿ ಮಂಡಿಯೂರಿ ಟಾರ್ಚ್ ಹಚ್ಚುತ್ತಿದ್ದೆ. ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಕೆಳಗಿನಿಂದ ಕೂಗಿದರು: ‘ಸ್ವಾಮಿ, ಅಲ್ಲಿ ಬಾಣಂತಿ ಅವ್ಳೆ, ಎದ್ದು ಬನ್ನಿ.’ ಯಾರೋ ಹೆಂಗಸು ಅಂದುಕೊಂಡೆ! ಆಮೇಲೆ ಮೂಗಿಗೆ ವಾಸನೆ ಬಂತು, ಒದ್ದೆ ಕಂಬಳಿಯದ್ದೂ ಹುಳಿ ಹಣ್ಣಿನದ್ದೂ ಸೇರಿದಂಥ ವಾಸನೆ. ಬೆನ್ನು ತೋರಿಸದೆ ಹಿಂದೆ ಸರಿದೆವು.

ಹೆಣ್ಣು ಕರಡಿ ಸಾಮಾನ್ಯವಾಗಿ ಮರಿ ಹಾಕುವುದು ಡಿಸೆಂಬರ್, ಜನವರಿಯಲ್ಲಿ. ಎರಡು ತಿಂಗಳ ಮೇಲೆಯೂ ಮರಿ ಗವಿಯಲ್ಲೇ ಇರುತ್ತದೆ. ನಮ್ಮ ಟ್ರೆಕ್ಕಿಂಗ್ ಸೀಸನ್ನೂ ಸರಿಯಾಗಿ ಅದೇ. ಕರಡಿಗೆ ಕಣ್ಣು ಕಿವಿ ಚುರುಕಲ್ಲ, ಹತ್ತಿರ ಹೋಗುವವರೆಗೆ ಅದಕ್ಕೆ ನಾವು ಬಂದದ್ದು ತಿಳಿಯುವುದಿಲ್ಲ. ತಿಳಿದ ಮೇಲೆ ಅದು ಯೋಚನೆ ಮಾಡುತ್ತ ಕೂರುವುದಿಲ್ಲ. ಅಂದಿನಿಂದ ನಾವು ಗವಿಯ ಬಾಯಲ್ಲಿ ನೋಡುವುದು ಇಷ್ಟು: ಧೂಳಿನಲ್ಲಿ ಹೆಜ್ಜೆ ಇದೆಯೇ, ಗೋಡೆಯಲ್ಲಿ ಕೂದಲು ಅಂಟಿದೆಯೇ, ಹತ್ತಿರದ ಹುತ್ತ ಹೊಸದಾಗಿ ಕೆದರಿದೆಯೇ, ಹಸಿ ಹಿಕ್ಕೆ ಇದೆಯೇ. ಇದರಲ್ಲಿ ಒಂದು ಕಂಡರೂ ವಾಪಸ್. ಅದಕ್ಕೂ ಮೊದಲು ಕುರಿ, ಆಡು ಮೇಯಿಸುವವರನ್ನು ಕೇಳುತ್ತೇವೆ. ಯಾವ ಮ್ಯಾಪಿನಲ್ಲೂ ಇಲ್ಲದ್ದು ಅವರಲ್ಲಿ ಇರುತ್ತದೆ.

ನಮ್ಮ ಬೇಲೂರು, ಸಕಲೇಶಪುರ ಕಡೆಯಾದರೆ ಗವಿ ಮುಟ್ಟುವ ಮೊದಲೇ ಆನೆಯ ಲೆಕ್ಕ. ಬಿಕ್ಕೋಡು, ಅರೇಹಳ್ಳಿ ಸುತ್ತ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಕಳಿಸುವ ಮೆಸೇಜ್ ನೋಡದೆ ತೋಟದಾಳುಗಳೇ ಕೆಲಸಕ್ಕೆ ಹೊರಡುವುದಿಲ್ಲ. ನಸುಕಿನಲ್ಲೇ ಬೆಟ್ಟ ಹತ್ತಬೇಕೆಂಬ ಹಟ ಬೆಂಗಳೂರಿನಿಂದ ಬಂದವರಿಗೆ ಮಾತ್ರ.

3. ಹೆಜ್ಜೇನಿಗೆ ಹೆದರಿ

ಹಾವಿಗೆ ಹೆದರುವವರೆಲ್ಲ ಹೆಜ್ಜೇನನ್ನು ಮರೆಯುತ್ತಾರೆ. ಗವಿಯ ನೆತ್ತಿಯ ಚಾಚುಬಂಡೆಗೆ ಒಂದಲ್ಲ, ಆರೇಳು ಹುಟ್ಟು ತೂಗಿರುತ್ತವೆ. ಸೆಂಟು, ಬೀಡಿ ಹೊಗೆ, ಡ್ರೋನಿನ ಸದ್ದು, ಯಾವುದೂ ಅವಕ್ಕೆ ಆಗುವುದಿಲ್ಲ. ನಮ್ಮ ಮೆಕ್ಯಾನಿಕ್ಕಿಗೆ ಒಂದೇ ಸಲಕ್ಕೆ ನಲವತ್ತಕ್ಕೂ ಹೆಚ್ಚು ಮುಳ್ಳು ಚುಚ್ಚಿದ್ದವು. ಎರಡು ದಿನ ಆಸ್ಪತ್ರೆ. ಬಂಡೆಯ ನೆತ್ತಿ ನೋಡದೆ ಗವಿಯ ಬಾಯಿ ನೋಡಬೇಡಿ.

4. ಬೆಂಕಿ ಒಯ್ಯಬೇಡಿ

ಇದನ್ನು ಬರೆಯಲು ಇವತ್ತಿಗೂ ಕೈ ಹಿಂದೆ ಬೀಳುತ್ತದೆ. ಶುರುವಿನ ವರ್ಷಗಳಲ್ಲಿ ನಮ್ಮ ಹತ್ತಿರ ಒಳ್ಳೆಯ ಟಾರ್ಚ್ ಇರಲಿಲ್ಲ. ಹಳೇ ಸೈಕಲ್ ಟೈರಿನ ತುಂಡುಗಳನ್ನು ಕೋಲಿನ ತುದಿಗೆ ಕಟ್ಟಿ ಹೊತ್ತಿಸಿಕೊಂಡು ಊರ ಹತ್ತಿರದ ಗವಿಗೆ ಹೋದೆವು. ಹೂಮಳೆ ಬಿದ್ದ ವಾರ, ತೋಟವೆಲ್ಲ ಬೆಳ್ಳಗೆ ಹೂವು. ಒಳಗಿನ ಎರಡನೇ ಅಂಕಣದಲ್ಲಿ ಸೂರು ತುಂಬ ಬಾವಲಿ, ಒಂದಕ್ಕೊಂದು ಒತ್ತಿಕೊಂಡು ತೂಗುತ್ತಿದ್ದವು. ಟೈರಿನ ಕರಿಹೊಗೆ ಸೂರಿಗೆ ಮುಟ್ಟಿದ್ದೇ ತಡ, ಒಟ್ಟಿಗೆ ಎದ್ದವು. ರೆಕ್ಕೆಯ ಗಾಳಿಗೆ ದೊಂದಿ ಆಡಿತು. ನಮಗೆ ಅದೊಂದು ಮಜಾ. ಕೂಗಾಡಿದೆವು.

ಹೊರಬರುವಾಗ ಕಾಲಡಿ ಏನೋ ಮೆತ್ತಗೆ ಸಿಕ್ಕಿತು. ಬಗ್ಗಿ ನೋಡಿದರೆ ಮರಿ. ಹೆಬ್ಬೆರಳ ಗಾತ್ರ, ಮೈಮೇಲೆ ಕೂದಲಿಲ್ಲ, ನಸುಗೆಂಪು ಬಣ್ಣ, ಕಣ್ಣು ಇನ್ನೂ ಬಿಟ್ಟಿಲ್ಲ. ಒಂದಲ್ಲ, ನೆಲದ ತುಂಬ. ತಾಯಂದಿರು ಗಾಬರಿಯಲ್ಲಿ ಎದ್ದಾಗ ಎದೆಗಂಟಿದ್ದ ಮರಿಗಳು ಉದುರಿದ್ದವು. ಬಾವಲಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಹಾಕುವುದು ಒಂದೇ ಮರಿ. ನಾವು ಒಂದು ವರ್ಷದ ಪೀಳಿಗೆಯನ್ನು ಹತ್ತು ನಿಮಿಷದಲ್ಲಿ ನೆಲಕ್ಕೆ ಕೆಡವಿದ್ದೆವು. ಮಾರನೇ ವರ್ಷ ಆ ಅಂಕಣ ಖಾಲಿ. ಮತ್ತೆ ಬಾವಲಿ ಬಂದು ಕೂತದ್ದು ಆರು ವರ್ಷದ ಮೇಲೆ, ಅದೂ ಮೊದಲಿನ ಕಾಲುಭಾಗ. ಸೂರಿನ ಮಸಿ ಇನ್ನೂ ಹಾಗೇ ಇದೆ.

ಕಾಡು ಕಡಿದರೂ ಬುಡ ಉಳಿದಿದ್ದರೆ ಚಿಗುರುತ್ತದೆ, ಗವಿ ಚಿಗುರುವುದಿಲ್ಲ. ಫ್ರಾನ್ಸಿನ ಲಾಸ್ಕೋ ಗುಹೆ 1940ರಲ್ಲಿ ಸಿಕ್ಕಿತು. ಹದಿನೇಳು ಸಾವಿರ ವರ್ಷದಷ್ಟು ಹಳೆಯ ಚಿತ್ರಗಳು ನೋಡುವವರ ಉಸಿರಿಗೇ ಹಾಳಾಗತೊಡಗಿ 1963ರಲ್ಲಿ ಬಾಗಿಲು ಹಾಕಬೇಕಾಯಿತು. ಉಸಿರಿಗೇ ಹಾಗಾದರೆ ಟೈರಿನ ಹೊಗೆಗೆ?

ಆಮೇಲೆ ನಾನು ಬಾವಲಿಗಳ ಬಗ್ಗೆ ಓದಿಕೊಂಡೆ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. ರಾಟನ್ ಎಂಬಾತನ ಹೆಸರು ಹೊತ್ತ, ದೊಡ್ಡ ಕಿವಿಯ ಬಾವಲಿಯೊಂದು ಶತಮಾನದ ಹಿಂದೆ ಅಲ್ಲಿ ಮೊದಲು ಸಿಕ್ಕಿತು. 1913ರಲ್ಲಿ ಅದಕ್ಕೆ ಹೆಸರಿಟ್ಟರು. ಬಹುಕಾಲ ಇಡೀ ಜಗತ್ತಿನಲ್ಲಿ ಆ ಗುಹೆ ಬಿಟ್ಟರೆ ಬೇರೆಲ್ಲೂ ಅದು ಇದ್ದಂತೆ ಕಾಣಲಿಲ್ಲ. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಕೋಲಾರದ ಎಲೆಮೂಗಿನ ಬಾವಲಿಯ ಪಾಡು ಇನ್ನೂ ಕಷ್ಟ. ವಿಜ್ಞಾನಿಗಳು ಅದನ್ನು ಗುರುತಿಸಿ ಹೆಸರಿಟ್ಟದ್ದು 1994ರಲ್ಲಿ, ಎರಡು ಗವಿಗಳಿಂದ. ಒಂದು ಗವಿ ಖಾಲಿಯಾಯಿತು. ಉಳಿದ ಒಂದರಲ್ಲಿ ಇರುವುದು ಕೆಲವು ನೂರು ಮಾತ್ರ, ಸುತ್ತ ಗ್ರಾನೈಟ್ ಕ್ವಾರಿಯ ಕಾಟ ಬೇರೆ. ಗವಿಯ ಹೆಸರು ಪುಸ್ತಕಗಳಲ್ಲಿದೆ, ನಾನು ಬರೆಯುವುದಿಲ್ಲ. ಅದೇ ಕೋಲಾರದ ಅಂತರಗಂಗೆಯಲ್ಲಿ ವಾರಾಂತ್ಯದ ರಾತ್ರಿ ಟ್ರೆಕ್ಕಿಗೆ ಬಸ್ಸುಗಟ್ಟಲೆ ಜನ ಬಂದು ಬಂಡೆಯ ಸಂದುಗಳಲ್ಲಿ ನುಸುಳುತ್ತಾರೆ. ನಾನೂ ನುಸುಳಿದ್ದೇನೆ. ಖುಷಿಯ ಜಾಗ, ಸುಳ್ಳು ಹೇಳಲಾರೆ. ಆದರೆ ಆ ಜನರಲ್ಲಿ ನೂರಕ್ಕೊಬ್ಬರಾದರೂ ಅಕ್ಕಪಕ್ಕದ ಬೆಟ್ಟದಲ್ಲಿ ಇರುವುದು ಯಾರು ಎಂದು ತಿಳಿದು ಬಂದಿರುತ್ತಾರೆಯೇ?

ಈಗ ನಮ್ಮ ಹೆಡ್ ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿರುತ್ತೇವೆ, ಬಾವಲಿ ಇರುವ ಸೂರಿನತ್ತ ಬೆಳಕು ಬಿಡುವುದಿಲ್ಲ. ಮಾರ್ಚಿನಿಂದ ಮಳೆ ಮುಗಿಯುವ ತನಕ ಆ ಗವಿಗೆ ಕಾಲಿಡುವುದೇ ಇಲ್ಲ.

5. ದಾರಿ ಹೇಳಬೇಡಿ

ಟೈರಿನ ತಪ್ಪು ಅಜ್ಞಾನದ್ದು. ಇದು ಚಪಲದ್ದು. ಲಾಕ್‌ಡೌನ್ ಸಡಿಲವಾದ ಹೊಸತು, ಜನ ಊರು ಬಿಟ್ಟು ಹೊರಬೀಳಲು ಹಾತೊರೆಯುತ್ತಿದ್ದ ಕಾಲ. ಗವಿಯ ಬಾಯಿಂದ ಕಾಣುವ ಕಾಫಿ ತೋಟ, ಮೇಲೆ ಮಂಜು, ನಡುವೆ ನನ್ನ ಸೋದರಳಿಯನ ಬೆನ್ನು: ಒಳ್ಳೆಯ ಫೋಟೋ. ನೆಟ್ಟಿನಲ್ಲಿ ಹಾಕಿದೆ. ಯಾರೋ ‘ಎಲ್ಲಿ ಸರ್?’ ಎಂದರು. ಊರು ಹೇಳಿದೆ. ಇನ್ನೊಬ್ಬರು ಕೇಳಿದರು, ಲೊಕೇಶನ್ನನ್ನೇ ಕಳಿಸಿದೆ. ಹೊಗಳಿಕೆಯಲ್ಲಿ ಮೈಮರೆತಿದ್ದೆ.

ಮೂರನೇ ಭಾನುವಾರ ತೋಟದ ಕಾವಲಿನವ ಬಂದು, ‘ಅಣ್ಣ, ಗುಡ್ಡದ ಬುಡದಲ್ಲಿ ಬೈಕ್ ಜಾತ್ರೆ’ ಎಂದ. ಹೋಗಿ ನೋಡಿದೆ. ಎಣಿಸಿದ್ದು ಮೂವತ್ತೆಂಟು ಬೈಕು, ಎರಡು ಟೆಂಪೋ ಟ್ರಾವೆಲರ್. ಗವಿಯೊಳಗೆ ಬ್ಲೂಟೂತ್ ಸ್ಪೀಕರ್. ಸಂಜೆ ಅವರು ಹೋದ ಮೇಲೆ ನಾವೈವರು ಹೊತ್ತು ತಂದದ್ದು ನಾಲ್ಕು ಗೊಬ್ಬರದ ಚೀಲ: ಬಿರಿಯಾನಿ ಪೊಟ್ಟಣ, ಬಿಯರ್ ಬಾಟಲಿಯ ಚೂರು, ಒದ್ದೆ ಟಿಶ್ಯೂ, ಒಂದು ಮಗುವಿನ ಚಪ್ಪಲಿ. ಗೋಡೆಯ ಮೇಲೆ ಹಸಿರು ಎನಾಮಲ್ ಬಣ್ಣದಲ್ಲಿ ಇಬ್ಬರ ಹೆಸರು, ನಡುವೆ ಬಾಣ ನಾಟಿದ ಹೃದಯ. ಬಂದವರು ಯಾರೂ ಕೆಟ್ಟವರಲ್ಲ. ಒಬ್ಬ ಹುಡುಗ ನನ್ನನ್ನು ಗುರುತು ಹಿಡಿದು ಕೈ ಕುಲುಕಿ, ‘ನಿಮ್ಮಿಂದಲೇ ಈ ಜಾಗ ಗೊತ್ತಾಯ್ತು ಸರ್, ಥ್ಯಾಂಕ್ಸ್’ ಅಂದ.

ಫೋಟೋ ತೆಗೆದುಹಾಕಿದೆ. ಏನು ಬಂತು, ದಾರಿ ಆಗಲೇ ನೂರು ಫೋನಿನಲ್ಲಿ ಕೂತಿತ್ತು. ಎರಡು ವರ್ಷ ಪ್ರತಿ ಭಾನುವಾರ ಸರದಿಯ ಮೇಲೆ ಗುಡ್ಡದ ಬುಡದಲ್ಲಿ ಕೂತು ಬಂದವರನ್ನು ಬೇರೆ ಕಡೆಗೆ ಸಾಗಹಾಕಿದೆವು. ಮೇಷ್ಟ್ರು ‘ಅಲ್ಲಿ ಆನೆ ಇದೆ’ ಎನ್ನುತ್ತಿದ್ದರು. ಸುಳ್ಳೂ ಅಲ್ಲ.

ನಮ್ಮದು ಪುಟ್ಟ ಗುಡ್ಡ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಗಟ್ಟಲೆ ಜನ ಸಾಲುಗಟ್ಟಿ ನಿಂತ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆಯೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ಅರಣ್ಯ ವಿಹಾರ ಎಂಬ ಜಾಲತಾಣ ತೆರೆದು, ದಾರಿಯೊಂದಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿದ್ದು. ಬೈಯುವವರು ಬೈಯಲಿ, ನನಗೆ ಅದು ಸರಿ ಅನ್ನಿಸುತ್ತದೆ. ಗವಿಗೆ 300 ಕೂಡ ತೀರಾ ಜಾಸ್ತಿ.

6. ಉಜ್ಜಬೇಡಿ

ಆ ಹಸಿರು ಬಣ್ಣ ತೆಗೆಯಲು ನಾವು ತಂತಿಯ ಬ್ರಷ್ಷು, ಥಿನ್ನರ್ ಒಯ್ದೆವು. ಬಣ್ಣ ಹೋಯಿತು. ಜೊತೆಗೆ ಕಲ್ಲಿನ ಮೇಲ್ಪದರವೂ, ಅದರ ಮೇಲೆ ಎಷ್ಟೋ ಕಾಲದಿಂದ ಹಬ್ಬಿದ್ದ ಕಲ್ಲುಹೂವೂ ಹೋದವು. ಈಗ ಹೆಸರಿದ್ದ ಜಾಗ ಬೆಳ್ಳಗೆ ಹಲ್ಲು ಕಿರಿದಂತೆ ಕಾಣುತ್ತದೆ. ಹಸಿರು ಬಣ್ಣವೇ ವಾಸಿಯಿತ್ತು ಎಂದು ರೈಟರ್ ಇವತ್ತಿಗೂ ಗೇಲಿ ಮಾಡುತ್ತಾನೆ. ಥಿನ್ನರ್ ವಾಸನೆಗೆ ಒಳಗಿನ ಜೀವಗಳಿಗೆ ಏನಾಯಿತೋ, ಅದನ್ನು ಲೆಕ್ಕ ಇಟ್ಟವರಿಲ್ಲ.

ಇಂಥದ್ದನ್ನು ತಿಳಿದವರೇ ಮಾಡಬೇಕು. ಹಳೇಬೀಡು ನಮಗೆ ದೂರವಿಲ್ಲ. ಅಲ್ಲಿನ ಬಳಪದ ಕಲ್ಲಿನ ಗೋಡೆಯ ಮೇಲೂ ಹಿಂದೆ ಬಂದವರು ಮೊಳೆಯಿಂದ ಹೆಸರು ಗೀಚಿದ್ದಾರೆ, ಆದರೆ ಅದನ್ನು ಕಾಯಲು ಪುರಾತತ್ವ ಇಲಾಖೆಯಿದೆ, 1958ರ ಕಾಯ್ದೆಯಿದೆ, 2023ರಿಂದ ಬೇಲೂರು, ಸೋಮನಾಥಪುರಗಳ ಜೊತೆ ವಿಶ್ವಪರಂಪರೆಯ ಪಟ್ಟಿಯೂ ಇದೆ. ಉಳಿ ಮುಟ್ಟಿದ ಕಲ್ಲಿಗೆ ಕಾವಲು. ಉಳಿ ಮುಟ್ಟದ ಕಲ್ಲಿಗೆ ಯಾರೂ ಇಲ್ಲ, ಜಲ್ಲಿ ಕ್ರಷರ್ ಬಂದು ನಿಲ್ಲುವವರೆಗೆ ಅದು ಅಲ್ಲಿತ್ತು ಎಂದೂ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಹೊಯ್ಸಳರ ನಾಡಿನಲ್ಲಿ ಹುಟ್ಟಿದವನಾಗಿ ನನಗಿರುವ ಒಂದೇ ದೂರು ಇದು.

7. ಮಳೆಗಾಲ ದೇವರಿಗೆ ಬಿಡಿ

ಮೂಡುಬಿದಿರೆ, ಕಟೀಲು ಕಡೆಯ ನೆಲ್ಲಿತೀರ್ಥದಲ್ಲಿ ಸೋಮನಾಥೇಶ್ವರನ ಗುಹೆಯಿದೆ. ಮುರಕಲ್ಲಿನಲ್ಲಿ ಸುಮಾರು 200 ಮೀಟರ್ ಒಳಗೆ. ಬಹಳಷ್ಟು ದೂರ ಮಂಡಿಯೂರಿ ತೆವಳಬೇಕು, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ವರ್ಷದ ಅರ್ಧಭಾಗ, ಮಳೆಗಾಲ ಸೇರಿ, ಮನುಷ್ಯರಿಗೆ ಪ್ರವೇಶವಿಲ್ಲ. ಆ ಕಾಲ ದೇವತೆಗಳದು, ಋಷಿಗಳದು ಎಂಬ ನಂಬಿಕೆ. ನಮ್ಮ ಮೇಷ್ಟ್ರು ಮಹಾ ವಿಚಾರವಾದಿ. ಅವರೂ ಅಲ್ಲಿ ಕೈಮುಗಿದರು. ದೇವರಿಗಲ್ಲ, ಆ ನಿಯಮಕ್ಕೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಗುಹೆಗೆ ಆರು ತಿಂಗಳ ರಜೆ, ಜನಕ್ಕೆ ಪ್ರಾಣಭಯವಿಲ್ಲ, ಒಂದು ಬೋರ್ಡೂ ಬೇಕಾಗಿಲ್ಲ.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಫುಟ್ಬಾಲ್ ಹುಡುಗರು, ಅವರ ಕೋಚು ಸಿಕ್ಕಿಕೊಂಡದ್ದು ಒಂದೇ ಮಳೆಗೆ. ಎಲ್ಲರನ್ನೂ ಹೊರತರುವಷ್ಟರಲ್ಲಿ ಹದಿನೆಂಟು ದಿನ ಕಳೆದಿತ್ತು, ಕಾಪಾಡಲು ಇಳಿದ ಮುಳುಗುಗಾರನೊಬ್ಬ ಜೀವ ಕಳೆದುಕೊಂಡಿದ್ದ. ನಮ್ಮ ಮಲೆನಾಡಿನ ಜೂನ್ ಮಳೆ ಆ ಮಳೆಗೇನೂ ಕಮ್ಮಿಯಲ್ಲ.

8. ಒಯ್ಯಬೇಕಾದ್ದು

ತಲೆಗೆ ಹೆಲ್ಮೆಟ್. ಒಬ್ಬೊಬ್ಬರಿಗೂ ಮೂರು ಬೆಳಕು, ಮೂರಕ್ಕೂ ಬೇರೆ ಬೇರೆ ಬ್ಯಾಟರಿ. ಮೂಗಿಗೆ ಒಳ್ಳೆಯ ಮಾಸ್ಕ್, ಯಾಕೆಂದರೆ ಒಣ ಬಾವಲಿ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ಮೂತ್ರಕ್ಕೂ ಒಂದು ಬಾಟಲಿ, ನಾಚಿಕೆಪಡಬೇಡಿ. ಎಷ್ಟು ಗಂಟೆಗೆ ಹೊರಬರುತ್ತೇವೆ ಎಂದು ಮನೆಯಲ್ಲಿ ಚೀಟಿ. ಕಾಡಿನ ಜಾಗವಾದರೆ ರೇಂಜ್ ಆಫೀಸಿನ ಅನುಮತಿ. ಮೀಸಲು ಅರಣ್ಯದೊಳಗೆ ಕೇಳದೆ ಹೋಗುವುದು ಅಪರಾಧ. ವಾಪಸ್ ಬಂದ ಮೇಲೆ ಬೂಟು ಬಟ್ಟೆಗಳನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿಯೇ ಇನ್ನೊಂದು ಗವಿಗೆ. ಅಮೆರಿಕದಲ್ಲಿ 2006ರಲ್ಲಿ ಕಂಡ ಬಿಳಿಮೂಗಿನ ರೋಗಕ್ಕೆ ಲಕ್ಷ ಲಕ್ಷ ಬಾವಲಿಗಳು ಸತ್ತವು. ಆ ರೋಗ ತರುವ ಬೂಸ್ಟು ಗುಹೆಯಿಂದ ಗುಹೆಗೆ ಮನುಷ್ಯರ ಬೂಟಿನಲ್ಲೂ ದಾಟಬಲ್ಲದು.

9. ಹೊರಗೆ ಕೂತು ನೋಡುವುದೂ ಗವಿ ನೋಡಿದಂತೆಯೇ

ಇದು ತಡವಾಗಿ ಕಲಿತದ್ದು. ಈಗ ನಾವು ಊರ ಗವಿಗೆ ವರ್ಷಕ್ಕೆ ಒಂದೇ ಸಲ, ನವೆಂಬರಿನಲ್ಲಿ, ಇಬ್ಬರು ಮಾತ್ರ ಒಳಹೋಗುತ್ತೇವೆ. ಉಳಿದ ದಿನ ಬೇಕೆನ್ನಿಸಿದರೆ ಸಂಜೆ ಐದೂಮುಕ್ಕಾಲಕ್ಕೆ ಎದುರಿನ ಬಂಡೆಯ ಮೇಲೆ, ಗಾಳಿಯ ಕೆಳದಿಕ್ಕಿನಲ್ಲಿ ಕೂರುತ್ತೇವೆ. ಬೆಳಕು ಇಳಿಯುತ್ತಿದ್ದಂತೆ ಮೊದಲು ಒಂದು ಬಾವಲಿ ಬಾಯಿತನಕ ಬಂದು ತಿರುಗಿ ಒಳಗೆ ಹೋಗುತ್ತದೆ. ಮತ್ತೆ ಎರಡು. ಆಮೇಲೆ ಹೊಗೆಯ ಎಳೆ ಬಿಚ್ಚಿದಂತೆ ಹೊರಟು ತೋಟದ ಸಿಲ್ವರ್ ಮರಗಳ ಮೇಲೆ ಹರಡುತ್ತವೆ. ರೈಟರ್ ಕಾಫಿ ಕೊಯ್ಲಿನ ಲೆಕ್ಕ ಬರೆದು ಪಳಗಿದವನು. ನೋಟ್‌ಬುಕ್ಕಿನಲ್ಲಿ ಹತ್ತಕ್ಕೊಂದು ಗೀಟು ಹಾಕುತ್ತಾನೆ. ಹೋದ ವರ್ಷ ಇದೇ ಹೊತ್ತಿಗೆ ಇಪ್ಪತ್ತಾರು ಗೀಟು. ಈ ವರ್ಷ ಮೂವತ್ತೊಂದು.

ಬೇಲೂರು ನೋಡಲು ಬಂದವರು ಬಿಡುವಿದ್ದರೆ ಅರೇಹಳ್ಳಿಗೂ ಬನ್ನಿ. ನಮ್ಮ ಮನೆಯ ಕಾಫಿ ಕುಡಿಯಿರಿ, ಬೇಕಾದರೆ ರೈಟರಿನ ನೋಟ್‌ಬುಕ್ ತೋರಿಸುತ್ತೇನೆ. ಗವಿಯ ದಾರಿ ಮಾತ್ರ ಕೇಳಬೇಡಿ.